ತಾಮ್ರದ ನಾಣ್ಯಕ್ಕೆ ಕಾಪಿ ಸ್ಟ್ಯಾಂಡ್ ಸೆಟ್: ಕಂಬಕ್ಕೆ ರೊಕ್ಕ ಕೊಡಿ, ದೀಪಕ್ಕಲ್ಲ

ನಾಣ್ಯದ ಫೋಟೋಕ್ಕೆ ಕ್ಯಾಮೆರಾವನ್ನು ಮೇಲಿನಿಂದ ನೆಟ್ಟಗೆ ಹಿಡಿದಿಡುವ ಕಾಪಿ ಸ್ಟ್ಯಾಂಡ್ ಕೊಳ್ಳಿ. ಅದರ ಜೊತೆ ಬರುವ ಎರಡು ದೀಪ ಬಿಚ್ಚಿ ಮಕ್ಕಳ ಓದಿನ ಮೇಜಿಗೆ ಹಾಕಿಬಿಡಿ. ಬರೀ ಬೆಳ್ಳಿ ರೂಪಾಯಿ ಕೂಡಿಸುವವರಿಗೆ ಆ ದೀಪವೂ ನಡೆದೀತು. ಟಂಕಸಾಲೆಯ ಕೆಂಪು ಇನ್ನೂ ಉಳಿದಿರುವ ಕಾಲಾಣೆ, ಪೈ ಇಟ್ಟುಕೊಂಡವರಿಗೆ ಮಾತ್ರ ಅದು ನಷ್ಟದ ಬಾಬತ್ತು.

ಆನ್‌ಲೈನ್ ಅಂಗಡಿಗಳಲ್ಲಿ ಇದೇ ಸೆಟ್ ಹತ್ತಾರು ಹೆಸರಿನ ಚೀಟಿ ಅಂಟಿಸಿಕೊಂಡು ಬರುತ್ತದೆ, ಒಳಗಿನ ಮಾಲು ಒಂದೇ. ಸುಮಾರು 40 ಸೆಂ.ಮೀ. ಚೌಕದ ಕಪ್ಪು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ, 60 ಸೆಂ.ಮೀ. ಎತ್ತರದ ಅಲ್ಯುಮಿನಿಯಂ ಕಂಬ, ಹಿಡಿಕೆ ತಿರುವಿದರೆ ಹಲ್ಲುಗಾಲಿಯ ಮೇಲೆ ಏರಿ ಇಳಿಯುವ ತೋಳು, ತೋಳಿನ ತುದಿಗೆ ಕ್ಯಾಮೆರಾ ಕೂರಿಸುವ ಕಾಲು ಇಂಚಿನ ಸ್ಕ್ರೂ, ಹಲಗೆಯ ಎರಡು ಬದಿಗೆ ಬಾಗುವ ಕೊರಳಿನ ಎಲ್‌ಇಡಿ ದೀಪ, ಒಂದು ಮೊಬೈಲ್ ಕ್ಲಿಪ್, ನಾಣ್ಯದ ಕೆಳಗೆ ಹಾಸಲು ಒಂದು ಮೆತ್ತನೆಯ ಪ್ಲಾಸ್ಟಿಕ್ ಹಾಳೆ. ಬೆಲೆ ಆರೇಳು ಸಾವಿರದ ಆಸುಪಾಸು. ಕಲಬುರಗಿಗೂ ಬೀದರಿಗೂ ಯಾದಗಿರಿಗೂ ಕೊರಿಯರ್‌ನಲ್ಲಿ ಸರಿಯಾಗಿಯೇ ತಲುಪುತ್ತದೆ. ಪೆಟ್ಟಿಗೆಯ ಮೂಲೆ ಜಜ್ಜಿದ್ದರೆ ಮೊದಲು ಕಂಬವನ್ನು ಸಮತಟ್ಟಾದ ನೆಲದ ಮೇಲೆ ಉರುಳಿಸಿ ನೋಡಿ. ಬಾಗಿದ್ದು ಆಗಲೇ ಗೊತ್ತಾಗುತ್ತದೆ, ಅಲ್ಲೇ ವಾಪಸ್ ಕಳಿಸಿ.

ತಾಮ್ರಕ್ಕೇಕೆ ಇಷ್ಟು ತಕರಾರು

ನಾಣ್ಯದ ದರ್ಜೆಯನ್ನು 1ರಿಂದ 70ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ. 60 ಮತ್ತು ಮೇಲೆ ಎಂದರೆ ಚಲಾವಣೆಯಲ್ಲಿ ಸವೆಯದ್ದು. ಬೆಳ್ಳಿಗೆ ಅಲ್ಲಿಗೆ ಮಾತು ಮುಗಿಯಿತು. ತಾಮ್ರಕ್ಕೆ ಅಂಕದ ಪಕ್ಕ ಇನ್ನೊಂದು ಗುರುತು ಬೀಳುತ್ತದೆ: ಕೆಂಪು, ಕೆಂಪು-ಕಂದು, ಕಂದು. ನಾಣ್ಯಕ್ಕೆ ದರ್ಜೆ ಹಾಕುವ ಅಮೆರಿಕದ ಸಂಸ್ಥೆ ಪಿಸಿಜಿಎಸ್ ಲೆಕ್ಕದಲ್ಲಿ ಮೂಲ ಕೆಂಪು 95 ಶೇಕಡಾ ಅಥವಾ ಹೆಚ್ಚು ಉಳಿದಿದ್ದರೆ ಕೆಂಪು, 5 ಶೇಕಡಕ್ಕಿಂತ ಕಡಿಮೆ ಇದ್ದರೆ ಕಂದು, ನಡುವಿನದೆಲ್ಲ ಕೆಂಪು-ಕಂದು. ಅಂಕ ಒಂದೇ ಇದ್ದರೂ ಈ ಗುರುತು ಬದಲಾದರೆ ದರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅಂದಮೇಲೆ ತಾಮ್ರದ ಫೋಟೋದಲ್ಲಿ ಬಣ್ಣ ತಪ್ಪಿದರೆ ದರ್ಜೆಯೇ ತಪ್ಪಿದಂತೆ. ಮಾರುವವರಿಗೂ ಕೊಳ್ಳುವವರಿಗೂ ಅಲ್ಲಿಂದಲೇ ಜಗಳ ಶುರು.

ನಮ್ಮ ಭಾಗದವರ ಡಬ್ಬಿ ತೆಗೆದರೆ ಸಾಮಾನ್ಯವಾಗಿ ಮೂರು ಬಗೆಯ ತಾಮ್ರ ಸಿಗುತ್ತದೆ. ಒಂದು ಬಹಮನಿಗಳದ್ದು. 1347ರಲ್ಲಿ ಶುರುವಾಗಿ, ಮೊದಲು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು, ಅಹ್ಮದ್ ಷಾನ ಕಾಲಕ್ಕೆ ಬೀದರಿಗೆ ಹೋದ ರಾಜ್ಯ ಅದು. ಕಲಬುರಗಿಗೆ ಅಹಸನಾಬಾದ್, ಬೀದರಿಗೆ ಮುಹಮ್ಮದಾಬಾದ್ ಎಂದು ಹೆಸರಿತ್ತು. ಇನ್ನೊಂದು ನಿಜಾಮರ ಪೈ, ಎರಡು ಪೈ. 1948ರ ಸೆಪ್ಟೆಂಬರ್‌ವರೆಗೆ ಈ ಊರುಗಳೆಲ್ಲ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವಲ್ಲ, ಅಜ್ಜಿಯರ ಗಂಟಿನಿಂದ ಇಂದಿಗೂ ಬರುತ್ತಿವೆ. ಮೂರನೆಯದು ಈಸ್ಟ್ ಇಂಡಿಯಾ ಕಂಪನಿ ಮತ್ತು ಬ್ರಿಟಿಷರದ್ದು: 1835ರ ಕಾಲಾಣೆ, 1862ರಿಂದ ವಿಕ್ಟೋರಿಯಾ ಮುಖದ್ದು, ಆಮೇಲೆ ಜಾರ್ಜರದ್ದು, ಕೊನೆಗೆ 1943ರಿಂದ 1947ರವರೆಗಿನ ತೂತು ದುಡ್ಡು. ಈ ಮೂರಕ್ಕೂ ಬೆಳಕು ಒಂದೇ ಕೋನದಲ್ಲಿ ಬಿದ್ದರೆ ಆಗದು. ಸೆಟ್ಟಿನ ದೀಪ ಸೋಲುವ ಮೊದಲ ಜಾಗ ಇದು.

ದೀಪದ ಮೇಲಿನ ದೂರು

ದೀಪದ ಕೊರಳು ಗಿಡ್ಡ, ಬುಡ ಹಲಗೆಯ ಅಂಚಿಗೆ ಬಿಗಿದದ್ದು. ಎಷ್ಟು ಬಾಗಿಸಿದರೂ ಬೆಳಕು ಹಲಗೆಯಿಂದ 30–40 ಡಿಗ್ರಿಗಿಂತ ಮೇಲೇರುವುದಿಲ್ಲ. ಸವೆಯದ ನಾಣ್ಯದ ಮೇಲಿನ ಹೊಳಪು, ನಾಣ್ಯ ತಿರುಗಿಸಿದರೆ ಗಾಲಿಯ ಕಡ್ಡಿಗಳ ಹಾಗೆ ಸುತ್ತುವ ಬೆಳಕು, ಅಚ್ಚೊತ್ತುವಾಗ ಲೋಹ ಅಂಚಿನ ಕಡೆ ಹರಿದು ಮೂಡಿದ ಸಣ್ಣ ಸಣ್ಣ ಗೆರೆಗಳಿಂದ ಬರುವಂಥದ್ದು. ಅದು ಕ್ಯಾಮೆರಾಕ್ಕೆ ಕಾಣಬೇಕಾದರೆ ದೀಪ 60–75 ಡಿಗ್ರಿಯಲ್ಲಿ, ಲೆನ್ಸಿನ ಪಕ್ಕಕ್ಕೆ ಒತ್ತಿಕೊಂಡಂತೆ ಇರಬೇಕು. ಗಡಿಯಾರದ ಲೆಕ್ಕದಲ್ಲಿ ಒಂದು ದೀಪ ಹತ್ತು ಗಂಟೆಯ ಕಡೆ, ಇನ್ನೊಂದು ಎರಡು ಗಂಟೆಯ ಕಡೆ. ತಗ್ಗು ಕೋನದಲ್ಲಿ ಬಿದ್ದ ಬೆಳಕಿಗೆ ಹೊಳಪು ಸಾಯುತ್ತದೆ, ಬಟ್ಟೆ ತಾಗಿ ಬಿದ್ದ ನವಿರು ಗೆರೆಗಳು ಮಾತ್ರ ಎದ್ದು ಕಾಣುತ್ತವೆ. 64 ಅಂಕದ ನಾಣ್ಯ ತಿಕ್ಕಿ ತೊಳೆದದ್ದರಂತೆ ಕಾಣುತ್ತದೆ.

ಬಹಮನಿ ತಾಮ್ರಕ್ಕೆ ಮಾತ್ರ ಇದೇ ತಗ್ಗು ಬೆಳಕು ಉಪಕಾರಿ. ಅದರಲ್ಲಿ ಕೆಂಪೂ ಇಲ್ಲ, ಹೊಳಪೂ ಇಲ್ಲ. ಇರುವುದು ಕಪ್ಪು-ಕಂದು ಮೈ, ಅದರ ಮೇಲೆ ಸವೆದ ಅರಬ್ಬಿ ಬರಹ. ಅಚ್ಚು ದೊಡ್ಡದು, ತಾಮ್ರದ ತುಂಡು ಚಿಕ್ಕದು, ಹಾಗಾಗಿ ಬರಹದ ಅರ್ಧ ನಾಣ್ಯದಿಂದ ಹೊರಗೇ ಉಳಿದಿರುತ್ತದೆ. ಒಂದೇ ದೀಪ, 25–30 ಡಿಗ್ರಿ, ಅಕ್ಷರದ ಗೆರೆಗೆ ಅಡ್ಡಲಾಗಿ ಬೀಳುವಂತೆ ಇಟ್ಟರೆ ಸುಲ್ತಾನನ ಹೆಸರು ಓದಲು ಬರುತ್ತದೆ. ನಾಣ್ಯವನ್ನಲ್ಲ, ದೀಪವನ್ನೇ ಸುತ್ತ ತಿರುಗಿಸುತ್ತ ನಾಲ್ಕು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಅಕ್ಷರ ಮತ್ತೊಂದರಲ್ಲಿ ಸಿಕ್ಕೇ ಸಿಗುತ್ತದೆ. ಈ ಒಂದು ಕೆಲಸಕ್ಕೆ ಸೆಟ್ಟಿನ ದೀಪ ಇಟ್ಟುಕೊಂಡರೆ ತಪ್ಪಿಲ್ಲ.

ದೊಡ್ಡ ದೂರು ಬಣ್ಣದ್ದು. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆ ಇದೆ, ನೂರು ಪೂರ್ಣಾಂಕ. ಅಗ್ಗದ ಎಲ್‌ಇಡಿಗಳದ್ದು 80ರ ಸುತ್ತ. 80 ಎಂದರೆ ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಆ ಸರಾಸರಿಯಲ್ಲಿ ಗಾಢ ಕೆಂಪಿನ ಅಳತೆ, ಆರ್9 ಎನ್ನುವುದು, ಸೇರಿಯೇ ಇಲ್ಲ. 80ರ ದೀಪದಲ್ಲಿ ಅದು ಸೊನ್ನೆಯ ಹತ್ತಿರ ಇರುವುದು ಸಾಮಾನ್ಯ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ನಾಣ್ಯ ಎಲ್ಲಿಂದ ತಿರುಗಿ ಕೊಡಬೇಕು? ಜಾರ್ಜ್ ಕಾಲದ ಪೂರ್ತಿ ಕೆಂಪು ಪೈ ಈ ದೀಪದಡಿ ಮಂಕು ಕಂದಾಗಿ, ಅಂಚಿನಲ್ಲಿ ತುಸು ಹಸಿರು ಛಾಯೆಯೊಂದಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಕೆಂಪು ಏರಿಸಿದರೆ ಪಕ್ಕದ ನಿಜವಾದ ಕಂದು ಕಲೆಯೂ ಕೆಂಪಾಗುತ್ತದೆ. ಅದಕ್ಕೆ ಪರಿಹಾರ ಇಲ್ಲ.

ದೀಪದ ಗುಂಡಿಯಲ್ಲಿ ‘ಬೆಚ್ಚಗಿನ’ ಬೆಳಕಿನ ಆಯ್ಕೆಯೂ ಇದೆ. 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕಿನಲ್ಲಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಬರುವಂತೆ ಬಣ್ಣ ಹೊಂದಿಸುವ ಸೌಲಭ್ಯ) ಹಗಲಿಗೆ ಇಟ್ಟು ತೆಗೆದರೆ, ಸಾದಾ ಕಂದು ನಾಣ್ಯ ಟಂಕಸಾಲೆಯಿಂದ ಇವತ್ತೇ ಬಂದಂತೆ ಕೆಂಪಗೆ ಹೊಳೆಯುತ್ತದೆ. ಮಾರುವವರು ಕಳಿಸಿದ ಫೋಟೋ ನೋಡಿ ತಾಮ್ರ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ನಾಣ್ಯದ ಪಕ್ಕ ಬಿಳಿ ಕಾಗದದ ತುಂಡು ಇಟ್ಟು ಇನ್ನೊಂದು ಫೋಟೋ ಕೇಳಿ. ಕಾಗದ ಹಳದಿ ಬಂದರೆ ಕೆಂಪು ಬೆಳಕಿನದ್ದು, ನಾಣ್ಯದ್ದಲ್ಲ.

ಇನ್ನು ಮಿನುಗು. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ 1/200 ಇಟ್ಟರೆ ಫೋಟೋದಲ್ಲಿ ಅಡ್ಡ ಪಟ್ಟೆ ಬೀಳುತ್ತದೆ. 1/50 ಅಥವಾ 1/25ಕ್ಕೆ ಇಳಿಸಿದರೆ ಹೋಗುತ್ತದೆ.

ಬದಲಿಗೆ ಏನು ಹಾಕಬೇಕು? ಪೆಟ್ಟಿಗೆಯ ಮೇಲೆ ಸಿಆರ್‌ಐ 95 ಅಥವಾ ಹೆಚ್ಚು ಎಂದು ಅಚ್ಚಾಗಿರುವ, 5000ದಿಂದ 5600 ಕೆಲ್ವಿನ್‌ನ ಎರಡು ಚಿಕ್ಕ ವಿಡಿಯೋ ದೀಪ. ಅದು ತುಟ್ಟಿ ಎನಿಸಿದರೆ ಬಾಗುವ ಕೊರಳಿನ ಎರಡು ಟೇಬಲ್ ಲ್ಯಾಂಪಿಗೆ ಅದೇ ಗುಣದ ಬಲ್ಬು ಹಾಕಿ. ಕಲಬುರಗಿ ಸೂಪರ್ ಮಾರ್ಕೆಟಿನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸುಮ್ಮನೆ ‘9 ವ್ಯಾಟ್ ಬಿಳಿ ಬಲ್ಬು’ ಅಂದರೆ 80ರದ್ದೇ ಕೈಗೆ ಬರುವುದು, ಪೆಟ್ಟಿಗೆ ಓದಿ ತನ್ನಿ. ಎರಡೂ ಒಂದೇ ಕಂಪನಿ, ಒಂದೇ ಮಾದರಿ ಇರಲಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಮುಚ್ಚಿ. ಗೋಡೆಗೆ ಹಸಿರೋ ನೀಲಿಯೋ ಡಿಸ್ಟೆಂಪರ್ ಇದ್ದರೆ ದೀಪದ ಹಿಂದೆ ಕಪ್ಪು ಬಟ್ಟೆ ಇಳಿಬಿಡಿ, ಗೋಡೆಯ ಬಣ್ಣ ಹೊಳಪು ನಾಣ್ಯದಲ್ಲಿ ಹಾಗೇ ಇಳಿಯುತ್ತದೆ. ತೊಟ್ಟ ಅಂಗಿಯ ಬಣ್ಣವೂ ಅಷ್ಟೇ.

ಕಂಬ ಮತ್ತು ತೋಳು

ಇಲ್ಲಿ ಕೊಟ್ಟ ರೊಕ್ಕ ವಸೂಲಾಗುತ್ತದೆ. ಮೊಬೈಲು ಅಥವಾ ಅರ್ಧ ಕಿಲೋ ಒಳಗಿನ ಕ್ಯಾಮೆರಾ ಇದ್ದರೆ ತೋಳು ಇಟ್ಟಲ್ಲಿ ನಿಲ್ಲುತ್ತದೆ. ಒಂದು ಕಿಲೋ ದಾಟುವ ಕ್ಯಾಮೆರಾ ಮತ್ತು 100 ಮಿ.ಮೀ. ಮ್ಯಾಕ್ರೋ ಲೆನ್ಸ್ ಹಾಕಿದರೆ ತಿರುಪು ಬಿಗಿದ ಮೇಲೂ ಕೂದಲೆಳೆಯಷ್ಟು ಜಾರುತ್ತದೆ. ಮೊದಲು ಎತ್ತರ ಹೊಂದಿಸಿ ಬಿಗಿದು, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಫೋಕಸ್ ಮಾಡಬೇಕು. ಉಲ್ಟಾ ಮಾಡಿದರೆ ಪ್ರತಿ ಫೋಟೋದಲ್ಲೂ ಮಸುಕು.

ನಿಜವಾದ ಕೊರತೆ ಹಲಗೆ. ಎಂಡಿಎಫ್ ಹಗುರ. ಬೇಸಿಗೆಯಲ್ಲಿ ಫ್ಯಾನಿಲ್ಲದೆ ಈ ಜಿಲ್ಲೆಗಳಲ್ಲಿ ಕೂರಲಾಗದು, ಫ್ಯಾನು ಹಾಕಿದರೆ ಕಂಬದ ತುದಿ ನಡುಗುತ್ತದೆ. ಪರಿಹಾರ ನಮ್ಮ ಕೈಗೆಟುಕುವಲ್ಲೇ ಇದೆ: ಶಹಾಬಾದಿ ಫರಸಿ. ಒಂದೂವರೆ ಅಡಿ ಚೌಕ, ಒಂದು ಇಂಚು ದಪ್ಪದ ಕಲ್ಲು ಹದಿಮೂರು ಹದಿನಾಲ್ಕು ಕಿಲೋ ತೂಗುತ್ತದೆ. ಹಲಗೆ ತೆಗೆದು ಕಂಬದ ಬುಡವನ್ನು ನೇರ ಫರಸಿಗೇ ತೂತು ಕೊರೆಸಿ ಬೋಲ್ಟ್ ಹಾಕಿಸಿ, ಕೆಳಗೆ ನಾಲ್ಕು ಮೂಲೆಗೆ ರಬ್ಬರ್ ತುಂಡು ಅಂಟಿಸಿ. ಬಾಗಿಲು ಚೌಕಟ್ಟಿನ ಫರಸಿ ಕೂರಿಸುವ ಮೇಸ್ತ್ರಿ ಹತ್ತು ನಿಮಿಷದ ಕೆಲಸ ಅನ್ನುತ್ತಾನೆ. ಬಿಟ್ ಮಾತ್ರ ಕಲ್ಲಿನದ್ದಿರಲಿ, ಸುತ್ತಿಗೆ ಹೊಡೆತದ ಮೋಡಿನಲ್ಲಿ ಕೊರೆದರೆ ಅಂಚು ಸೀಳುತ್ತದೆ. ಕಲ್ಲು ಬೂದು ಬಣ್ಣದ್ದೇ ಆದರೂ ಅದನ್ನೇ ಗ್ರೇ ಕಾರ್ಡ್ (ಕ್ಯಾಮೆರಾದ ಬಣ್ಣ ಹೊಂದಿಸಲು ಇಡುವ ಅಪ್ಪಟ ಬೂದು ರಟ್ಟು) ಎಂದು ಬಳಸಬೇಡಿ. ಅದರಲ್ಲಿ ಹಳದಿ, ಹಸಿರು ಛಾಯೆ ಇರುತ್ತದೆ.

ತೋಳು ತುಸು ಮುಂದಕ್ಕೆ ವಾಲಿರುವುದು ಈ ಸೆಟ್ಟಿನ ಹುಟ್ಟುಗುಣ. ಪರೀಕ್ಷೆ ಸುಲಭ: ನಾಣ್ಯ ಇಡುವ ಜಾಗದಲ್ಲಿ ಚಪ್ಪಟೆ ಕನ್ನಡಿ ಇಡಿ. ಪರದೆಯ ಸರಿಯಾಗಿ ನಡುವೆ ಲೆನ್ಸಿನ ಕಣ್ಣು ಕಂಡರೆ ನೇರ ಇದೆ, ಪಕ್ಕಕ್ಕೆ ಸರಿದಿದ್ದರೆ ವಾಲಿದೆ. ಕಂಬದ ಬುಡಕ್ಕೆ ಪೋಸ್ಟ್ ಕಾರ್ಡಿನ ತುಂಡು ತುರುಕಿ ಸರಿಮಾಡಿ. ಒಂದು ಡಿಗ್ರಿ ವಾಲಿದರೆ 25 ಮಿ.ಮೀ. ಅಗಲದ ಕಾಲಾಣೆಯ ಆಚೆ ಅಂಚಿಗೂ ಈಚೆ ಅಂಚಿಗೂ 0.4 ಮಿ.ಮೀ. ಏರುಪೇರು. ಇಡೀ ನಾಣ್ಯದ ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ; ಇಸವಿಯ ಅಂಕಿಯನ್ನೋ ಟಂಕಸಾಲೆಯ ಗುರುತನ್ನೋ ಹತ್ತಿರದಿಂದ ತೆಗೆಯುವಾಗ ಅರ್ಧ ಸ್ಪಷ್ಟ, ಅರ್ಧ ಮಸುಕಾಗಿ ಬರುತ್ತದೆ.

ಹೊಂದಿಸುವ ಲೆಕ್ಕ

24 ಮೆಗಾಪಿಕ್ಸೆಲ್ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾದ ಸೆನ್ಸರ್ ಎತ್ತರ 15.6 ಮಿ.ಮೀ. ಆಸುಪಾಸು, 4000 ಪಿಕ್ಸೆಲ್. 25.4 ಮಿ.ಮೀ. ಕಾಲಾಣೆಯನ್ನು ಸೆನ್ಸರಿನ ಮೇಲೆ ಅರ್ಧ ಗಾತ್ರಕ್ಕೆ, ಅಂದರೆ 1:2ಕ್ಕೆ ತೆಗೆದರೆ ಅಡ್ಡಕ್ಕೆ ಸುಮಾರು 3250 ಪಿಕ್ಸೆಲ್ ನಾಣ್ಯವೇ ತುಂಬುತ್ತದೆ. ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. 17.5 ಮಿ.ಮೀ. ಪೈಗೆ ಗಾತ್ರ 0.7 ಪಟ್ಟಿನ ಸುತ್ತ, 31 ಮಿ.ಮೀ. ಅರ್ಧಾಣೆಗೆ 0.4. ಕಂಬದ 60 ಸೆಂ.ಮೀ. ಎತ್ತರ 100 ಮಿ.ಮೀ. ಲೆನ್ಸಿಗೆ ಸಾಕಾಗುತ್ತದೆ, ನಾಣ್ಯಕ್ಕೂ ಲೆನ್ಸಿಗೂ ನಡುವೆ ದೀಪ ತೂರಿಸಲು ಜಾಗವೂ ಉಳಿಯುತ್ತದೆ.

ಐಎಸ್‌ಒ 100. ಅಪರ್ಚರ್ ಎಫ್/5.6ರಿಂದ ಎಫ್/8. ಎಲ್ಲ ಸ್ಪಷ್ಟ ಬರಲಿ ಎಂದು ಎಫ್/16ಕ್ಕೆ ಹೋಗುವುದು ಹೆಚ್ಚಿನವರು ಮಾಡುವ ತಪ್ಪು. 1:2ರಲ್ಲಿ ಅದು ಎಫ್/24ರಷ್ಟು ಕಿರಿದಾಗಿ ಕೆಲಸ ಮಾಡುತ್ತದೆ, ಬೆಳಕು ಚದುರಿ ನವಿರು ಗೆರೆಗಳೆಲ್ಲ ಅಳಿಸಿಹೋಗುತ್ತವೆ. ವೈಟ್ ಬ್ಯಾಲೆನ್ಸ್ ಗ್ರೇ ಕಾರ್ಡ್ ಇಟ್ಟು ಕೈಯಾರೆ ಹೊಂದಿಸಿ. ಹಾಗೇ ತಾನಾಗಿ ಬಿಟ್ಟರೆ ಪರದೆ ತುಂಬಾ ಕೆಂಪು ಕಂಡ ಕ್ಯಾಮೆರಾ ಅದನ್ನು ತಣಿಸಲು ನೀಲಿ ಬೆರೆಸುತ್ತದೆ. ಕ್ಯಾಮೆರಾ ಬಣ್ಣ ತಿದ್ದದೆ ಇದ್ದಂತೆ ಉಳಿಸುವ ರಾ ಕಡತದಲ್ಲೇ ತೆಗೆಯಿರಿ. ಹಿಸ್ಟೋಗ್ರಾಂನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮೂರೂ ಬಣ್ಣ ಬೇರೆ ಬೇರೆ ನೋಡಿ, ತಾಮ್ರದಲ್ಲಿ ಮೊದಲು ಉಕ್ಕುವುದು ಕೆಂಪು. ಒಟ್ಟು ಬೆಳಕು ಸರಿಯಿದೆ ಎಂದು ತೋರಿದರೂ ಕೆಂಪು ಬಲಗಡೆಯ ಗೋಡೆಗೆ ಬಡಿದಿದ್ದರೆ ಎಕ್ಸ್‌ಪೋಷರ್ ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸಬೇಕು. ಇಲ್ಲದಿದ್ದರೆ ರಾಣಿಯ ಕೆನ್ನೆ ಒಂದೇ ಕಿತ್ತಳೆ ಗುಡ್ಡೆಯಾಗಿ, ವಿವರವೇ ಇಲ್ಲದೆ ಬರುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ, ಗುಂಡಿ ಒತ್ತಿದ ಅದುರು ಅಷ್ಟರಲ್ಲಿ ನಿಲ್ಲುತ್ತದೆ.

ನಾಣ್ಯವನ್ನು ಹಲಗೆಯ ಮೇಲೆ ನೇರ ಇಡದೆ ಎರಡು ಮೂರು ಸೆಂ.ಮೀ. ಎತ್ತರದ, ನಾಣ್ಯಕ್ಕಿಂತ ಕಿರಿದಾದ ಮುಚ್ಚಳದ ಮೇಲಿಟ್ಟರೆ ಹಿನ್ನೆಲೆ ಮಸುಕಾಗಿ ಅಂಚು ಸ್ವಚ್ಛವಾಗಿ ಕತ್ತರಿಸಿದಂತೆ ಬರುತ್ತದೆ. ಹಿನ್ನೆಲೆ ಮಧ್ಯಮ ಬೂದು ಇರಲಿ. ಬಿಳಿ ಹಿನ್ನೆಲೆಯ ಬೆಳಕು ಲೆನ್ಸಿಗೆ ಚಿಮ್ಮಿ ಕಂದು ನಾಣ್ಯವನ್ನು ಬೂದಿ ಬಳಿದಂತೆ ಮಾಡುತ್ತದೆ.

ಮೊಬೈಲಿನವರಿಗೆ ಕ್ಲಿಪ್ ಗಟ್ಟಿಯಾಗಿದೆ, ಕೆಲಸ ಆಗುತ್ತದೆ. ಫೋನಿನ ‘ಮ್ಯಾಕ್ರೋ’ ಮೋಡ್ ಮಾತ್ರ ಮುಟ್ಟಬೇಡಿ. ಅದು ಬಹಳ ಫೋನುಗಳಲ್ಲಿ ಅಗಲ ಕೋನದ ಲೆನ್ಸು. ನಾಣ್ಯಕ್ಕೆ ಬೆರಳಗಲ ದೂರಕ್ಕೆ ಇಳಿಯಬೇಕಾಗುತ್ತದೆ, ಫೋನಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ. 2 ಅಥವಾ 3 ಪಟ್ಟು ಲೆನ್ಸಿನಲ್ಲಿ ದೂರದಿಂದ ತೆಗೆದು ಕತ್ತರಿಸಿಕೊಳ್ಳಿ. ಪ್ರೊ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸ್ ಕಟ್ಟಿಹಾಕಿ, ಎಚ್‌ಡಿಆರ್ ಮತ್ತು ದೃಶ್ಯ ಗುರುತಿಸಿ ಬಣ್ಣ ಏರಿಸುವ ಸೌಲಭ್ಯ ಆರಿಸಿ.

ಕಂದು ನಾಣ್ಯದ ಮೇಲೆ ನೀಲಿ, ನೇರಳೆ ಛಾಯೆ ಇದ್ದರೆ ಅದು ಪಕ್ಕದ ದೀಪಕ್ಕೆ ಕಾಣುವುದಿಲ್ಲ. ಲೆನ್ಸಿಗೂ ನಾಣ್ಯಕ್ಕೂ ನಡುವೆ 45 ಡಿಗ್ರಿಗೆ ಒಂದು ತೆಳು ಗಾಜು ನಿಲ್ಲಿಸಿ, ಪಕ್ಕದಿಂದ ಒಂದೇ ದೀಪ ಹಾಯಿಸಿ, ಎದುರು ಬದಿಗೆ ಕಪ್ಪು ಬಟ್ಟೆ ಹಿಡಿಯಿರಿ. ಬೆಳಕು ಗಾಜಿಗೆ ಬಡಿದು ತಿರುಗಿ ನೆಟ್ಟಗೆ ಕೆಳಗಿಳಿಯುತ್ತದೆ. ಫೋಟೋ ಚೌಕಟ್ಟಿನ ಗಾಜು ಸಾಕು, ದಪ್ಪ ಗಾಜಾದರೆ ಬಿಂಬ ಎರಡೆರಡು ಬೀಳುತ್ತದೆ. ಬಹುಪಾಲು ಬೆಳಕು ವ್ಯರ್ಥವಾಗುವುದರಿಂದ ಶಟರ್ ಸಾಕಷ್ಟು ನಿಧಾನ ಮಾಡಬೇಕಾಗುತ್ತದೆ, ಫರಸಿಯ ಬೆಲೆ ಆಗ ತಿಳಿಯುತ್ತದೆ.

ಆ ಪ್ಲಾಸ್ಟಿಕ್ ಹಾಳೆ ಎಸೆಯಿರಿ

ಸೆಟ್ಟಿನ ಜೊತೆ ಬರುವ ಮೆತ್ತನೆಯ ಹಾಳೆ ಪೆಟ್ಟಿಗೆ ತೆಗೆದ ಕೂಡಲೇ ಘಾಟು ಹೊಡೆಯುತ್ತದೆ. ಹೀಗೆ ಮೆತ್ತಗಿದ್ದು ವಾಸನೆ ಬರುವ ಪ್ಲಾಸ್ಟಿಕ್ ಪಿವಿಸಿ ಎಂದೇ ತಿಳಿದು ದೂರ ಇಡುವುದು ಒಳ್ಳೆಯದು. ಪಿವಿಸಿ ಕಾಲಕ್ರಮೇಣ ಕೆಟ್ಟು ತಾಮ್ರದ ಮೇಲೆ ಹಸಿರು ಅಂಟು ಬಿಡುತ್ತದೆ, ತಡವಾದರೆ ಮೈಯನ್ನೇ ಕೊರೆಯುತ್ತದೆ. ಹೊಸದಾಗಿ ಅಂಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ, ಗಾಜಿನ ಬಟ್ಟಲಿನಲ್ಲಿ, ಕಿಟಕಿ ತೆರೆದು, ಬೆಂಕಿಯಿಂದ ದೂರ ಕೆಲವು ನಿಮಿಷ ನೆನೆಸಿ, ಇನ್ನೊಂದು ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡಿ. ಒರೆಸಬೇಡಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ, ಅದು ಬೇಡ. ಇಡುವುದಕ್ಕೆ ಮೈಲಾರ್ (ಪಿವಿಸಿ ಇಲ್ಲದ ಪಾರದರ್ಶಕ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್ ಸಾಕು.

ಹುಣಸೆಹಣ್ಣು, ನಿಂಬೆ, ಪಾತ್ರೆ ತಿಕ್ಕುವ ಪುಡಿ ಯಾವುದೂ ನಾಣ್ಯದ ಹತ್ತಿರ ಸುಳಿಯಬಾರದು. ಹುಳಿ ತಾಗಿದ ತಾಮ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ನೋಡಿದವರು ಕೆಂಪು ಅಂದುಕೊಳ್ಳುತ್ತಾರೆ. 65 ಡಿಗ್ರಿ ದೀಪದಡಿ ತಿರುಗಿಸಿದರೆ ಗುಟ್ಟು ರಟ್ಟಾಗುತ್ತದೆ: ಅಸಲಿ ಕೆಂಪಿನಲ್ಲಿ ಹೊಳಪು ಸುತ್ತುತ್ತದೆ, ಹುಳಿಯ ಗುಲಾಬಿ ಎಲ್ಲ ಕೋನಕ್ಕೂ ಒಂದೇ ಸಮ ಮಂಕು. ಬೀದರಿನವರಿಗೆ ಇನ್ನೊಂದು ಮಾತು. ಬಿದ್ರಿ ಪಾತ್ರೆಗೆ ಕಪ್ಪು ಬರಿಸಲು ಕೋಟೆಯ ಮಣ್ಣಿನೊಡನೆ ನವಸಾಗರ ಬೆರೆಸುತ್ತಾರಲ್ಲ, ಆ ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಸತುವಿನ ಬಿದ್ರಿಗೆ ಅದು ಅಲಂಕಾರ, ತಾಮ್ರದ ನಾಣ್ಯಕ್ಕೆ ರೋಗ. ಕ್ಲೋರೈಡ್ ಹೊಕ್ಕ ತಾಮ್ರ ಮಳೆಗಾಲದ ತೇವಕ್ಕೆ ತಿಳಿಹಸಿರು ಪುಡಿ ಉದುರಿಸುತ್ತ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ತೊಳೆದ ನಾಣ್ಯವನ್ನು ಮತ್ತೆ ಕಂದು ಮಾಡುವ ಆಸೆಗೆ ಆ ಲೇಪ ಹಚ್ಚಬೇಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ತೇವಾಂಶ 40 ಶೇಕಡಕ್ಕಿಂತ ಕೆಳಗೆ ಉಳಿಸಿಕೊಳ್ಳಿ. ಬೇಸಿಗೆಯಲ್ಲಿ ನಮ್ಮ ಬಿಸಿಲೇ ಆ ಕೆಲಸ ಮಾಡುತ್ತದೆ, ಕಾಯಬೇಕಾದ್ದು ಜುಲೈನಿಂದ ಸೆಪ್ಟೆಂಬರ್‌ವರೆಗೆ.

ನಾಣ್ಯವನ್ನು ಅಂಚು ಹಿಡಿದೇ ಎತ್ತಿ. ಬೆವರಿನ ಬೆರಳಚ್ಚು ಕೆಂಪು ತಾಮ್ರದ ಮೇಲೆ ಕೆಲವೇ ವಾರದಲ್ಲಿ ಕಂದಾಗಿ ಕೂತುಬಿಡುತ್ತದೆ. ಧೂಳಿಗೆ ರಬ್ಬರ್ ಗಾಳಿಬುಡ್ಡಿ ಬಳಸಿ, ಬಾಯಿಂದ ಊದಬೇಡಿ. ಉಗುಳಿನ ಹನಿ ಕಪ್ಪು ಚುಕ್ಕೆಯಾಗುತ್ತದೆ. ಕ್ಯಾಮೆರಾ ಹೊಂದಿಸುತ್ತ ನಾಣ್ಯದ ಮೇಲೆ ಬಾಗಿ ಮಾತಾಡುವುದೂ ಬೇಡ.

ಯಾರು ಕೊಳ್ಳಬೇಕು

ನಿಜಾಮರ ಮತ್ತು ಬ್ರಿಟಿಷರ ತಾಮ್ರ, ಕಂಚು ಕೂಡಿಸುತ್ತ ಫೋಟೋ ನೋಡಿ ಕೊಟ್ಟು ಕೊಳ್ಳುವವರಿಗೆ ಕಂಬ ಬೇಕೇಬೇಕು. ದೀಪವಿಲ್ಲದೆ ಬರೀ ಸ್ಟ್ಯಾಂಡ್ ಮಾರುವ ಅಂಗಡಿ ಸಿಕ್ಕರೆ ಅದನ್ನೇ ತರಿಸಿ, ಉಳಿದ ರೊಕ್ಕ ಒಳ್ಳೆಯ ದೀಪಕ್ಕೆ ಹೋಗಲಿ. ಬರೀ ಬಹಮನಿ ಕೂಡಿಸುವವರು ಸೆಟ್ಟನ್ನು ಇದ್ದಂತೆಯೇ ಬಳಸಬಹುದು. ಅವರಿಗೆ ದೀಪಕ್ಕಿಂತ 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಮುಖ್ಯ, ಫೋಟೋದ ಕೆಳಗೆ ತೂಕ ಬರೆಯದ ಬಹಮನಿ ತಾಮ್ರ ಎಷ್ಟು ಮೌಲ್ಯದ ನಾಣ್ಯ ಎಂದು ಹೇಳುವುದು ಕಷ್ಟ. ಬ್ರಿಟಿಷರ ಕಾಲಾಣೆಗೂ ತೂಕ ಹಾಕಿ: ಹಳೆಯ ತಾಮ್ರದ್ದು 6.47 ಗ್ರಾಂ, 1906ರ ಕಾಯ್ದೆಯ ನಂತರದ ಕಂಚಿನದ್ದು 4.86.

ಹೊಲದಲ್ಲೋ ಪಾಯ ಅಗೆಯುವಾಗಲೋ ಗಂಟು ಸಿಕ್ಕರೆ ಫೋಟೋ ತೆಗೆದು ಮಾರಾಟಕ್ಕಿಡುವಂತಿಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯಡಿ ಬರುತ್ತದೆ, ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಬೇರಾರೂ ಹೊರದೇಶಕ್ಕೆ ಕಳಿಸುವಂತಿಲ್ಲ. ದರ್ಜೆ ಹಾಕಿಸಲು ಅಮೆರಿಕಕ್ಕೆ ಪಾರ್ಸೆಲ್ ಮಾಡುವ ಯೋಚನೆ ಇದ್ದವರು ಮೊದಲು ಇಸವಿ ನೋಡಿಕೊಳ್ಳಿ.